ಟೈಲ್ಸ್ ಗೋಡೆಯ ಸಂದು, ಅಂಚು: ಆಸಿಡ್ ಹಚ್ಚುವ ಮುನ್ನ, ಕೊನೆಯ ಕಂತು ಕೊಡುವ ಮುನ್ನ

ಮನೆ ಕಟ್ಟಿ ನೋಡು ಎಂದ ಹಿರಿಯರು ಸ್ನಾನದ ಮನೆಯ ಗೋಡೆಗೆ ಟೈಲ್ಸ್ ಹಾಕಿಸಿ ನೋಡಿದವರಲ್ಲ. ನೋಡಿದ್ದರೆ ಆ ಗಾದೆಗೆ ಇನ್ನೊಂದು ಮಾತು ಸೇರುತ್ತಿತ್ತು. ಅಡಿಪಾಯ, ಕಂಬ, ಚಾವಣಿಯ ಕೆಲಸವನ್ನು ಮೇಸ್ತ್ರಿಯ ಮಾತಿನ ಮೇಲೆ ಒಪ್ಪಿಕೊಂಡ ಮನೆಯೊಡೆಯರು, ಗೃಹಪ್ರವೇಶಕ್ಕೆ ವಾರವಷ್ಟೇ ಉಳಿದಿರುವಾಗ ಟೈಲ್ಸ್ ಗೋಡೆಯ ಮುಂದೆ ನಿಂತು ಮುಖ ಸಣ್ಣದು ಮಾಡಿಕೊಳ್ಳುವುದು ಸಾಮಾನ್ಯ ದೃಶ್ಯ. ಒಂದು ಕಡೆ ಸಂದಿನ ಗೆರೆ ದಪ್ಪ, ಇನ್ನೊಂದು ಕಡೆ ಸಣ್ಣ. ಗ್ರೌಟ್ ಅಲ್ಲಲ್ಲಿ ಕುಳಿ ಬಿದ್ದಿದೆ. ಒಂದು ಟೈಲ್ ಪಕ್ಕದ ಟೈಲಿಗಿಂತ ಮುಂದೆ ಬಂದಿದೆ. ನಲ್ಲಿಯ ಬಳಿ ಅಂಚು ಚಕ್ಕೆ ಎದ್ದು ಒಳಗಿನ ಕೆಂಪು ಮಣ್ಣು ಕಾಣುತ್ತಿದೆ. ಗೋಡೆಯ ತುಂಬ ತೆಳುವಾದ ಬಿಳಿ ಪೊರೆ. ಕೆಲಸ ಮಾಡಿದವರು ನುರಿತವರೇ, ಕೂಲಿಯೂ ಕಡಿಮೆಯೇನಲ್ಲ. ಆದರೂ ಹೀಗೇಕೆ ಎಂಬ ಪ್ರಶ್ನೆ ಕಾಡುತ್ತದೆ.

ಈ ಹಂತದಲ್ಲಿ ಬಹುತೇಕರು ಮಾಡುವುದು ಎರಡರಲ್ಲಿ ಒಂದು. ಮೇಸ್ತ್ರಿಯೊಂದಿಗೆ ಜಗಳವಾಡಿ ಬಾಕಿ ಹಣ ತಡೆಹಿಡಿಯುವುದು, ಇಲ್ಲವೇ ಅಂಗಡಿಯಿಂದ ಒಂದು ಬಾಟಲಿ ಆಸಿಡ್ ತಂದು ಗೋಡೆಯನ್ನು ಉಜ್ಜುವುದು. ಮೊದಲನೆಯದು ಕೆಲವೊಮ್ಮೆ ನ್ಯಾಯ, ಕೆಲವೊಮ್ಮೆ ಅನ್ಯಾಯ. ಎರಡನೆಯದು ಹೆಚ್ಚುಕಡಿಮೆ ಯಾವಾಗಲೂ ಹಾನಿಕರ. ಕಣ್ಣಿಗೆ ರಾಚುವ ದೋಷಗಳಲ್ಲಿ ಹೆಚ್ಚಿನವು ಅರ್ಧ ದಿನದ ಕೆಲಸದಲ್ಲಿ ಸರಿಹೋಗುವಂಥವು. ನಿಜಕ್ಕೂ ಚಿಂತಿಸಬೇಕಾದ ದೋಷವಾದರೋ ಟೈಲಿನ ಹಿಂದೆ, ಕಣ್ಣಿಗೆ ಕಾಣದಂತೆ ಕುಳಿತಿರುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವೇನಲ್ಲ.

ಸಂದು ಇರುವುದೇಕೆ?

ಹಂಚು ಎಂಬ ನಮ್ಮ ಪದ ಚಾವಣಿಗೇ ಮೀಸಲಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲಂತೂ ಹಂಚೆಂದರೆ ಮಾಡಿನ ಹಂಚೇ. ಗೋಡೆಗೆ ಬಂದದ್ದು ಟೈಲ್ಸ್ ಆಗಿಯೇ ಉಳಿಯಿತು. ಇಂದು ನಮ್ಮ ಮಾರುಕಟ್ಟೆಗೆ ಬರುವ ಟೈಲ್ಸ್‌ನ ಬಹುಪಾಲು ಗುಜರಾತಿನ ಮೋರ್ಬಿಯದು. ಎಲ್ಲಿಂದ ಬಂದರೂ ಅದು ಗೂಡಿನಲ್ಲಿ ಸುಟ್ಟ ಮಣ್ಣು. ಸುಡುವಾಗ ಕುಗ್ಗುತ್ತದೆ, ಅತ್ಯಲ್ಪ ಬಾಗುತ್ತದೆ. ಹಾಗಾಗಿ ಒಂದೇ ಪೆಟ್ಟಿಗೆಯ ಎರಡು ಟೈಲುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಇರುತ್ತವೆಂದು ನಿರೀಕ್ಷಿಸುವಂತಿಲ್ಲ. ಉದ್ದ, ಅಗಲ, ಅಂಚಿನ ನೇರ ಮತ್ತು ಮೇಲ್ಮೈಯ ಬಾಗು ಎಷ್ಟರ ಮಟ್ಟಿಗೆ ವ್ಯತ್ಯಾಸವಾಗಬಹುದು ಎಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 15622 ಮಾನದಂಡವೇ ಮಿತಿ ಹಾಕಿಕೊಟ್ಟಿದೆ. ಮಿತಿ ಇದೆ ಎಂದರೆ ಆ ಮಿತಿಯೊಳಗಿನ ವ್ಯತ್ಯಾಸಕ್ಕೆ ಒಪ್ಪಿಗೆಯೂ ಇದೆ ಎಂದೇ ಅರ್ಥ.

ಈ ವ್ಯತ್ಯಾಸವನ್ನು ನುಂಗಿಕೊಳ್ಳುವುದಕ್ಕೇ ಸಂದು ಇರುವುದು. ಕೆಲಸಗಾರರು ಇದನ್ನು ಜಾಯಿಂಟ್ ಎನ್ನುತ್ತಾರೆ. ಗೋಡೆಯ ಟೈಲ್ಸ್‌ಗೆ ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಸಂದು ಸಾಕು. ಅಂಗಡಿಯಲ್ಲಿ ‘ಜಾಯಿಂಟ್ ಫ್ರೀ’ ಎಂದು ಮಾರುವ ಟೈಲ್ಸ್‌ನ ನಿಜವಾದ ಅರ್ಥ, ಸುಟ್ಟ ನಂತರ ಅದರ ಅಂಚುಗಳನ್ನು ಯಂತ್ರದಿಂದ ಅರೆದು ನೇರಗೊಳಿಸಲಾಗಿದೆ ಎಂದಷ್ಟೇ. ಸಂದಿಲ್ಲದೆ ಒಂದಕ್ಕೊಂದು ತಾಗಿಸಿ ಹಾಕಬಹುದು ಎಂದಲ್ಲ. ಹಾಗೆ ತಾಗಿಸಿ ಹಾಕಿಸಿದ ಮನೆಗಳಲ್ಲಿ ಗ್ರೌಟ್ ಒಳಗೆ ಇಳಿಯಲು ಜಾಗವೇ ಇರುವುದಿಲ್ಲ. ಮೇಲೆ ಸವರಿದ ತೆಳುಪದರ ಕೆಲವು ತಿಂಗಳಲ್ಲಿ ಉದುರುತ್ತದೆ. ಗೋಡೆ ಬಿಸಿಲಿಗೆ ಹಿಗ್ಗಿದಾಗ ಅಂಚಿಗೆ ಅಂಚು ಒತ್ತಿ ಚಕ್ಕೆ ಏಳುವುದೂ ಉಂಟು. ಸಂದು ಬೇಡವೆಂದು ಹಟ ಹಿಡಿದವರು ಮನೆಯವರೇ ಆಗಿದ್ದರೆ ನಂತರ ಮೇಸ್ತ್ರಿಯನ್ನು ದೂರಿ ಪ್ರಯೋಜನವಿಲ್ಲ.

ಇನ್ನೊಂದು ತಪ್ಪುಕಲ್ಪನೆಯನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಿಮೆಂಟ್ ಆಧಾರಿತ ಗ್ರೌಟ್ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಅದು ನಿಧಾನವಾಗಿ ನೀರು ಹೀರುವ ವಸ್ತು. ಸ್ನಾನದ ಮನೆಯ ನೀರು ಪಕ್ಕದ ಕೋಣೆಗೆ ಹೋಗದಂತೆ ತಡೆಯಬೇಕಾದದ್ದು ಟೈಲಿನ ಹಿಂದಿನ ವಾಟರ್‌ಪ್ರೂಫಿಂಗ್ ಪದರ. ಆ ಪದರವೇ ಇಲ್ಲದಿದ್ದರೆ ಎಷ್ಟು ಅಂದವಾದ ಗ್ರೌಟ್ ಹಾಕಿಸಿದರೂ ಪಕ್ಕದ ಮಲಗುವ ಕೋಣೆಯ ಬಣ್ಣ ಉಬ್ಬಿ ಉದುರುವುದು ತಪ್ಪದು.

ನೋಡುವುದು ಹೇಗೆ?

ಕೆಲಸ ಮುಗಿದ ದಿನವೇ ಗೋಡೆಯನ್ನು ಪರೀಕ್ಷಿಸಲು ಹೋಗಬಾರದು. ಹಸಿ ಗ್ರೌಟಿನ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗುತ್ತಾ ತಿಳಿಯಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಪೂರ್ತಿ ಒಣಗಲು ವಾರ ಹಿಡಿದರೂ ಆಶ್ಚರ್ಯವಿಲ್ಲ. ಅಲ್ಲಲ್ಲಿ ಬಣ್ಣ ಬೇರೆ ಎಂದು ಮೊದಲ ದಿನ ಕಂಡದ್ದು ಐದನೆಯ ದಿನ ಮಾಯವಾಗಿರಬಹುದು.

ನೋಡುವಾಗ ಬೆಳಕು ಎದುರಿನಿಂದ ಬೀಳಬೇಕು. ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದು ನೋಡಿದರೆ ಜಗತ್ತಿನ ಯಾವ ಗೋಡೆಯೂ ಪಾಸಾಗದು. ಓರೆ ಬೆಳಕಿನಲ್ಲಿ ಅರ್ಧ ಮಿಲಿಮೀಟರ್ ಏರುತಗ್ಗು ಕೂಡ ಉದ್ದನೆಯ ನೆರಳು ಚೆಲ್ಲುತ್ತದೆ. ಇದರ ಮತ್ತೊಂದು ಮುಖವೂ ಇದೆ. ಕಿಟಕಿಯ ಪಕ್ಕದ ಗೋಡೆಯಲ್ಲಿ, ಕನ್ನಡಿಯ ಮೇಲಿನ ದೀಪದ ಕೆಳಗೆ ನಿತ್ಯವೂ ಓರೆ ಬೆಳಕೇ ಬೀಳುವುದರಿಂದ ಅಂಥ ಗೋಡೆಗಳಿಗೆ ಮೊದಲೇ ಹೆಚ್ಚಿನ ಜಾಗ್ರತೆ ಬೇಕಿತ್ತು. ಈಗ ದೀಪದ ಜಾಗವನ್ನು ತುಸು ಮುಂದಕ್ಕೆ ಸರಿಸುವುದರಿಂದಲೇ ಅರ್ಧ ದೋಷ ಮರೆಯಾದ ಉದಾಹರಣೆಗಳಿವೆ.

ಒಂದು ಟೈಲ್ ಇನ್ನೊಂದಕ್ಕಿಂತ ಎಷ್ಟು ಮುಂದೆ ಬಂದರೆ ತಪ್ಪು? ಬ್ರಿಟನ್ನಿನ ಟೈಲ್ ಅಳವಡಿಕೆ ಸಂಹಿತೆ ಬಿಎಸ್ 5385, 6 ಮಿ.ಮೀ.ಗಿಂತ ಕಿರಿದಾದ ಸಂದಿನ ಎರಡೂ ಬದಿಯ ಟೈಲುಗಳ ನಡುವೆ 1 ಮಿ.ಮೀ.ವರೆಗಿನ ಏರುತಗ್ಗನ್ನು ಒಪ್ಪುತ್ತದೆ. ಇಡೀ ಗೋಡೆಯ ಮೇಲೆ 2 ಮೀಟರ್ ಉದ್ದದ ನೇರಪಟ್ಟಿ ಇಟ್ಟಾಗ 3 ಮಿ.ಮೀ.ವರೆಗಿನ ವ್ಯತ್ಯಾಸಕ್ಕೂ ಅದರಲ್ಲಿ ಅವಕಾಶವಿದೆ. ಅದು ನಮ್ಮ ಕಾನೂನಲ್ಲ, ಆದರೆ ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ. ಇದನ್ನು ಅಳೆಯಲು ಸಲಕರಣೆ ಬೇಕಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಉಕ್ಕಿನ ಸ್ಕೇಲನ್ನು ಮುಂದೆ ಬಂದಿರುವ ಟೈಲಿನ ಮೇಲೆ ಒತ್ತಿಹಿಡಿದು, ಪಕ್ಕದ ಟೈಲಿನ ಮೇಲೆ ಉಳಿಯುವ ಸಂದಿಯಲ್ಲಿ ಕಾರ್ಡ್ ತೂರಿಸಿ ನೋಡಿ. ಒಂದು ಕಾರ್ಡ್ ಬಿಗಿಯಾಗಿ ಹೋದರೆ ಸಹಿಸಿಕೊಳ್ಳಬಹುದು. ಎರಡು ಕಾರ್ಡ್ ಒಟ್ಟಿಗೆ ಹೋದರೆ ಮೇಸ್ತ್ರಿಯನ್ನು ಕರೆಯಬೇಕು.

ಬಳಿಕ ಗ್ರೌಟಿನ ಮೇಲೆ ಉಗುರಿನಿಂದ ಗೀರಿ. ಚೆನ್ನಾಗಿ ಗಟ್ಟಿಯಾದ ಗ್ರೌಟ್ ಉಗುರಿಗೆ ಬಗ್ಗುವುದಿಲ್ಲ. ಪುಡಿ ಉದುರಿದರೆ ಕಲಸುವಾಗ ನೀರು ಜಾಸ್ತಿಯಾಗಿದೆ, ಅಥವಾ ಗ್ರೌಟ್ ಸೆಟ್ ಆಗುವ ಮೊದಲೇ ಒದ್ದೆ ಬಟ್ಟೆಯಿಂದ ಹೆಚ್ಚು ತೊಳೆದಿದ್ದಾರೆ. ಕೊನೆಯದಾಗಿ ಒಂದು ನಾಣ್ಯ ಹಿಡಿದು ಪ್ರತಿ ಟೈಲಿನ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಮೆಲ್ಲನೆ ತಟ್ಟಬೇಕು. ಗಟ್ಟಿಯಾಗಿ ಅಂಟಿದ ಕಡೆ ಮಂದವಾದ ಸದ್ದು, ಟೊಳ್ಳಿರುವ ಕಡೆ ಮಡಕೆ ಬಡಿದಂಥ ಸದ್ದು. ಟೊಳ್ಳು ಕೇಳಿದ ಕಡೆ ಪೆನ್ಸಿಲ್ಲಿನಿಂದ ಗುರುತು ಹಾಕಿಡಿ. ಈ ನಾಣ್ಯದ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಆದರೆ ಹೆಚ್ಚಿನವರು ಮಾಡದೇ ಬಿಡುವುದೂ ಇದನ್ನೇ.

ಬಿಳಿ ಪೊರೆ ಮತ್ತು ಆಸಿಡ್

ಗೋಡೆಯ ಮೇಲಿನ ಬಿಳುಪು ಮೂರು ಬಗೆಯದಾಗಿರಬಹುದು. ಮೂರಕ್ಕೂ ಮದ್ದು ಬೇರೆ. ಗ್ರೌಟ್ ಮಾಡಿದ ಮರುದಿನ ಟೈಲಿನ ಹೊಳಪಿನ ಮೇಲೆ ಮಂಜಿನಂತೆ ಕಾಣುವುದು ಸಿಮೆಂಟಿನ ಪೊರೆ. ಒಣ ಬಟ್ಟೆಯಿಂದ ಉಜ್ಜಿ, ಅನಂತರ ಹಿಂಡಿದ ಒದ್ದೆ ಸ್ಪಂಜಿನಿಂದ ಒರೆಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಹೋಗಿಬಿಡುತ್ತದೆ. ಕೆಲವು ದಿನಗಳ ನಂತರ ಸಂದಿನ ಉದ್ದಕ್ಕೂ ಹಿಟ್ಟಿನಂತೆ ಹೊಮ್ಮುವುದು ಸಿಮೆಂಟಿನೊಳಗಿನ ಲವಣ. ಹಿಂಭಾಗದ ತೇವ ಹೊರಬರುವಾಗ ಲವಣವನ್ನೂ ಹೊತ್ತು ತರುತ್ತದೆ. ಇದನ್ನು ಒಣ ಬ್ರಷ್‌ನಿಂದ ಉದುರಿಸಬೇಕು, ನೀರು ಹಾಕಿದರೆ ಮತ್ತೆ ಒಳಗಿಳಿದು ಮತ್ತೆ ಬರುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಹೊಮ್ಮುತ್ತಿದ್ದರೆ ಹಿಂದೆ ಪೈಪು ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಮೂರನೆಯದು, ಮನೆಗೆ ಹೋಗಿ ವಾಸವಾದ ಮೇಲೆ ಷವರಿನ ಕೆಳಗೆ ಕೂರುವ ಕಲೆ. ಕೋಲಾರ, ತುಮಕೂರು, ಗದಗದಂಥ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನ ಪರಿಚಯವಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಅದಕ್ಕೂ ಟೈಲ್ಸ್ ಕೆಲಸಕ್ಕೂ ಸಂಬಂಧವಿಲ್ಲ.

ಮೂರಕ್ಕೂ ಒಂದೇ ಉತ್ತರವೆಂಬಂತೆ ಬಳಕೆಯಾಗುವುದು ಆಸಿಡ್. ಸ್ನಾನಗೃಹ, ಶೌಚಾಲಯ ತೊಳೆಯಲು ಮಾರುವ ದ್ರಾವಣಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಈ ಆಮ್ಲ ಸಿಮೆಂಟನ್ನೇ ಕರಗಿಸುತ್ತದೆ. ಪೊರೆಯೂ ಸಿಮೆಂಟು, ಗ್ರೌಟೂ ಸಿಮೆಂಟು; ಯಾವುದನ್ನು ಕರಗಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಆಮ್ಲಕ್ಕೆ ತಿಳಿಯದು. ಹೊಸ ಗ್ರೌಟಿನ ಮೇಲೆ ಅದನ್ನು ಸುರಿದರೆ ಮೇಲ್ಪದರ ಕರಗಿ ಒರಟಾಗುತ್ತದೆ, ಬಣ್ಣ ಮಾಸುತ್ತದೆ, ಆ ಒರಟಿನಲ್ಲಿ ಸೋಪಿನ ಜಿಡ್ಡು ಕೂತು ಆರು ತಿಂಗಳಲ್ಲಿ ಕಪ್ಪಾಗುತ್ತದೆ. ಕಪ್ಪಾಯಿತೆಂದು ಮತ್ತೆ ಆಸಿಡ್. ಗೃಹಪ್ರವೇಶದ ಹಿಂದಿನ ದಿನ ಸ್ವಚ್ಛಗೊಳಿಸಲು ಬಂದವರು ಒಂದು ಬಕೆಟ್ ಆಸಿಡ್ ನೀರಿನಿಂದ ಗೋಡೆ ತೊಳೆದು ಹೋಗುವುದು ಎಲ್ಲ ಊರುಗಳಲ್ಲೂ ನಡೆಯುವಂಥದ್ದು. ಟೈಲ್ಸ್ ಹಾಕಿದವರ ತಪ್ಪೆಂದು ಬರುವ ದೂರುಗಳಲ್ಲಿ ಕೆಲವಕ್ಕೆ ಮೂಲ ಈ ಬಕೆಟ್ಟೇ.

ಬೇರೆ ದಾರಿಯಿಲ್ಲ ಎನ್ನುವಷ್ಟು ಗಟ್ಟಿಯಾದ ಪೊರೆಯಿದ್ದರೆ, ಗ್ರೌಟ್ ಹಾಕಿ ಕನಿಷ್ಠ ಎರಡು ವಾರ ಕಳೆದ ಮೇಲೆ, ಸಲ್ಫಾಮಿಕ್ ಆಮ್ಲ ಆಧಾರಿತ ಟೈಲ್ ಕ್ಲೀನರನ್ನು ಪೊಟ್ಟಣದಲ್ಲಿ ಹೇಳಿದಂತೆ ತೆಳುವಾಗಿ ಬೆರೆಸಿ ಬಳಸಬಹುದು. ಮೊದಲು ಸಂದುಗಳಿಗೆ ಬರಿಯ ನೀರು ಕುಡಿಸಬೇಕು. ನೀರು ತುಂಬಿದ ಗ್ರೌಟ್ ಆಮ್ಲವನ್ನು ಒಳಗೆಳೆದುಕೊಳ್ಳುವುದಿಲ್ಲ. ಬಾಗಿಲ ಹಿಂದಿನ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಕೈಗೆ ಗವಸು ಹಾಕಿ, ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು. ನಂತರ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಅಮೃತಶಿಲೆಯ ಹೊಸ್ತಿಲು ಅಥವಾ ಹಲಗೆ ಇದ್ದಲ್ಲಿ ಅದನ್ನೂ, ಕ್ರೋಮ್ ನಲ್ಲಿಗಳನ್ನೂ ಮುಚ್ಚಿಡುವುದು ಅವಶ್ಯ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎಂದೂ ಒಂದನ್ನೊಂದು ಮುಟ್ಟಕೂಡದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಸ್ನಾನಗೃಹದಲ್ಲಿ ಅದು ಪ್ರಾಣಕ್ಕೇ ಅಪಾಯ.

ಗ್ರೌಟ್ ಸರಿಪಡಿಸುವುದು

ಗ್ರೌಟಿನಲ್ಲಿ ಸೂಜಿಮೊನೆಯಷ್ಟು ರಂಧ್ರ, ಅಲ್ಲಲ್ಲಿ ಕುಳಿ ಇದ್ದರೆ ಗಾಬರಿಯಾಗಬೇಕಿಲ್ಲ. ಕಲಸಿದ ಗ್ರೌಟಿನಲ್ಲಿ ಗಾಳಿ ಉಳಿದಿತ್ತು, ಅಥವಾ ಸಂದಿನೊಳಗೆ ಒತ್ತಿ ತುಂಬುವ ಬದಲು ಮೇಲೆ ಸವರಿದ್ದಾರೆ. ಅದೇ ಬಣ್ಣದ, ಸಾಧ್ಯವಾದರೆ ಅದೇ ಪೊಟ್ಟಣದ ಗ್ರೌಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಸಂದನ್ನು ತುಸು ತೇವಗೊಳಿಸಿ, ರಬ್ಬರ್ ಪಟ್ಟಿಯಿಂದ ಓರೆಯಾಗಿ ಒತ್ತಿ ತುಂಬಿದರೆ ಸರಿಹೋಗುತ್ತದೆ. ಕೆಲಸ ಮುಗಿದ ಒಂದೆರಡು ದಿನಗಳಲ್ಲೇ ಇದನ್ನು ಮಾಡಿಸಿಕೊಳ್ಳಬೇಕು. ಉಳಿದ ಗ್ರೌಟ್ ಪೊಟ್ಟಣವನ್ನು ಬಿಗಿಯಾಗಿ ಕಟ್ಟಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕಾಗಿಯೇ.

ಆದರೆ ಗಟ್ಟಿಯಾದ ಹಳೆಯ ಗ್ರೌಟಿನ ಮೇಲೆ ಹೊಸ ಗ್ರೌಟನ್ನು ಕಾಗದದಷ್ಟು ತೆಳುವಾಗಿ ಬಳಿಯುವುದು ವ್ಯರ್ಥ. ಹಿಡಿಯಲು ಆಳವಿಲ್ಲದ ಕಾರಣ ಅದು ಸಿಪ್ಪೆಯಂತೆ ಏಳುತ್ತದೆ. ಗ್ರೌಟ್ ಪುಡಿಯಾಗುತ್ತಿದ್ದರೆ ಅಥವಾ ಉದ್ದಕ್ಕೂ ತಗ್ಗಾಗಿದ್ದರೆ, ಕೆರೆದು ತೆಗೆದು ಮತ್ತೆ ತುಂಬುವುದೇ ಪರಿಹಾರ. ಟೈಲಿನ ದಪ್ಪದ ಮೂರನೆಯ ಎರಡು ಭಾಗದಷ್ಟು ಆಳಕ್ಕೆ ಹಳೆಯದನ್ನು ತೆಗೆಯಬೇಕು, 8 ಮಿ.ಮೀ. ದಪ್ಪದ ಟೈಲಿಗೆ ಸುಮಾರು 5 ಮಿ.ಮೀ. ಕೈಯಲ್ಲಿ ಹಿಡಿದು ಕೆರೆಯುವ ಅಲಗಿನಿಂದ ಒಂದು ಸ್ನಾನಗೃಹಕ್ಕೆ ಇಡೀ ದಿನ ಬೇಕು. ಮೇಸ್ತ್ರಿಗಳು ಕಟಿಂಗ್ ಮಷಿನ್ ಬಳಸಲು ಇಷ್ಟಪಡುತ್ತಾರೆ, ಆದರೆ 2 ಮಿ.ಮೀ. ಸಂದಿನಲ್ಲಿ ಆ ಬಿಲ್ಲೆ ಕ್ಷಣಮಾತ್ರ ಸರಿದರೂ ಟೈಲಿನ ಅಂಚು ಹೋಯಿತು. ಗ್ರೌಟ್ ಸರಿಮಾಡಲು ಹೋಗಿ ಅಂಚು ಕಳೆದುಕೊಂಡ ಗೋಡೆಗಳು ಕಡಿಮೆಯಿಲ್ಲ. ಯಂತ್ರವನ್ನು ಬಳಸುವುದೇ ಆದರೆ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ದೀರ್ಘಕಾಲ ಅದನ್ನು ಉಸಿರಾಡುವವರಿಗೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಕೆಲಸಗಾರನಿಗೆ ಒಂದು ಒಳ್ಳೆಯ ಮಾಸ್ಕ್ ತಂದುಕೊಡುವುದು ಮನೆಯೊಡೆಯರಿಗೆ ಹೊರೆಯಾಗದು.

ಪುಡಿ ಉದುರದೆ ಗಟ್ಟಿಯಾಗಿದ್ದು, ಬಣ್ಣ ಮಾತ್ರ ಅಲ್ಲಲ್ಲಿ ಬೇರೆಯಾಗಿದ್ದರೆ ಅದನ್ನು ಕೆರೆಸುವುದು ದುಂದು. ಸಂದಿಗೆ ಹಚ್ಚುವ ಗ್ರೌಟ್ ಬಣ್ಣಗಳು ದೊರೆಯುತ್ತವೆ. ಮಾರ್ಕರ್ ಪೆನ್ನಿನಂಥವು ನೀರು ಬೀಳುವ ಜಾಗದಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ಎಪಾಕ್ಸಿ ಗ್ರೌಟ್ ಹಾಕಿಸಿದರೆ ಎಲ್ಲ ತಾಪತ್ರಯವೂ ತಪ್ಪುತ್ತದೆ ಎಂಬ ಮಾತು ಈಗ ಸಾಮಾನ್ಯವಾಗಿದೆ. ಅದು ನೀರು ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ ಎಂಬುದು ನಿಜ. ಅಡುಗೆಮನೆಯ ಒಲೆಯ ಹಿಂಭಾಗಕ್ಕೆ, ಅರಿಸಿನದ ಕಲೆಗೆ ಹೆದರುವವರಿಗೆ ಅದೇ ಸರಿ. ಆದರೆ ಕಲಸಿದ ಮೇಲೆ ಅದು ಬೇಗನೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ತುಂಬಿ, ತಿದ್ದಿ, ಒರೆಸಬೇಕು. ಟೈಲಿನ ಮೇಲೆ ಉಳಿದ ಎಪಾಕ್ಸಿ ಪೊರೆಗೆ ಮೇಲೆ ಹೇಳಿದ ಆಸಿಡ್ ಕೂಡ ನಾಟುವುದಿಲ್ಲ. ಅಭ್ಯಾಸವಿಲ್ಲದ ಕೈಗೆ ಎಪಾಕ್ಸಿ ಕೊಟ್ಟರೆ ಸಿಮೆಂಟ್ ಗ್ರೌಟಿಗಿಂತ ಕೆಟ್ಟ ಗೋಡೆ ಸಿಗುತ್ತದೆ. ಹಳೆಯ ಸಿಮೆಂಟ್ ಗ್ರೌಟಿನ ಮೇಲೆ ಅದನ್ನು ಸವರುತ್ತೇನೆ ಎನ್ನುವವರನ್ನು ಅಲ್ಲಿಯೇ ನಿಲ್ಲಿಸಬೇಕು.

ಮೂಲೆಯ ಬಿರುಕಿನದು ಬೇರೆಯೇ ಕಥೆ. ಎರಡು ಗೋಡೆ ಕೂಡುವ ಒಳಮೂಲೆ, ಗೋಡೆ ನೆಲಕ್ಕೆ ಕೂಡುವ ಗೆರೆ, ಅಡುಗೆಕಟ್ಟೆಯ ಗ್ರಾನೈಟ್ ಗೋಡೆಗೆ ತಾಗುವ ಜಾಗ, ಇಲ್ಲೆಲ್ಲ ಎರಡೂ ಬದಿ ಬೇರೆ ಬೇರೆಯಾಗಿ ಅಲುಗುತ್ತವೆ. ಗಟ್ಟಿ ಗ್ರೌಟ್ ಅಲ್ಲಿ ಬಿರಿಯದೇ ಇರದು. ಎಷ್ಟು ಸಲ ತುಂಬಿಸಿದರೂ ಮುಂದಿನ ಬೇಸಿಗೆಗೆ ಮತ್ತೆ ಗೆರೆ ಬೀಳುತ್ತದೆ. ಆ ಗೆರೆಗಳ ಗ್ರೌಟ್ ಕೆರೆದು, ಪೂರ್ತಿ ಒಣಗಿಸಿ, ಗ್ರೌಟಿನ ಬಣ್ಣಕ್ಕೇ ಹೊಂದುವ, ಬೂಸ್ಟು ನಿರೋಧಕ ಸಿಲಿಕೋನ್ ಸೀಲಂಟ್ ತುಂಬಬೇಕು. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಲಂಟ್ ಎಳೆದು, ಸೋಪಿನ ನೀರಿನಲ್ಲಿ ಅದ್ದಿದ ಬೆರಳಿನಿಂದ ಒಮ್ಮೆ ಸವರಿ, ಕೂಡಲೇ ಟೇಪ್ ತೆಗೆದರೆ ನೇರವಾದ ಗೆರೆ ಸಿಗುತ್ತದೆ. ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸವಿದು.

ಅಂಚುಗಳು

ಅಂಚಿನ ದೋಷ ಗ್ರೌಟಿನ ದೋಷದಷ್ಟು ಸುಲಭವಾಗಿ ತಿದ್ದಲು ಬರುವುದಿಲ್ಲ. ಏಕೆಂದರೆ ಅಲ್ಲಿ ಗಾಜಿನಂಥ ಮೇಲ್ಪದರವೇ ಒಡೆದಿರುತ್ತದೆ. ನೀರು ಹಾಕದೆ, ಸವೆದ ಬಿಲ್ಲೆಯಿಂದ ಕತ್ತರಿಸಿದಾಗ ಸಣ್ಣ ಹಲ್ಲುಗಳಂತೆ ಚಕ್ಕೆ ಏಳುತ್ತದೆ. ಬಲ್ಲ ಮೇಸ್ತ್ರಿ ಕತ್ತರಿಸಿದ ಬದಿಯನ್ನು ಮೂಲೆಯೊಳಗೆ ಹೋಗುವಂತೆ, ಇನ್ನೊಂದು ಗೋಡೆಯ ಟೈಲ್ ಅದನ್ನು ಮುಚ್ಚುವಂತೆ ಇಡುತ್ತಾನೆ. ಕಾರ್ಖಾನೆಯ ಅಂಚು ಕಣ್ಣಿಗೆ ಕಾಣುವ ಕಡೆ ಬರುತ್ತದೆ. ಬಾಗಿಲಿನಿಂದ ಒಳಬರುತ್ತಲೇ ಎದುರಿಗೆ ಕತ್ತರಿಸಿದ ಅಂಚು ಕಂಡರೆ ಅದು ಟೈಲಿನ ತಪ್ಪಲ್ಲ, ಯೋಜನೆಯ ತಪ್ಪು.

ಅರ್ಧ ಮಿಲಿಮೀಟರ್ ಒಳಗಿನ ಹಲ್ಲುಗಳನ್ನು ಡೈಮಂಡ್ ಹ್ಯಾಂಡ್ ಪ್ಯಾಡ್ ಅಥವಾ ನೀರಿನಲ್ಲಿ ಉಜ್ಜುವ ಪಾಲಿಷ್ ಕಾಗದದಿಂದ, ಒಳಮುಖವಾಗಿ ಮಾತ್ರ, ನಯಗೊಳಿಸಬಹುದು. ಅನಂತರ ಬರುವ ಗ್ರೌಟ್ ಗೆರೆ ಅದನ್ನು ಮರೆಮಾಡುತ್ತದೆ. ಅದಕ್ಕಿಂತ ದೊಡ್ಡ ಚಕ್ಕೆಯನ್ನು ಟೈಲಿನ ಬಣ್ಣದ ಎಪಾಕ್ಸಿಯಿಂದ ತುಂಬಿ, ಒಣಗಿದ ಮೇಲೆ ಬ್ಲೇಡಿನಿಂದ ಸಮ ಮಾಡಬಹುದು. ಬಿಳಿ ಟೈಲಿನಲ್ಲಿ ಇದು ಚೆನ್ನಾಗಿ ಹೊಂದುತ್ತದೆ, ಚಿತ್ತಾರದ ಟೈಲಿನಲ್ಲಿ ಹೊಂದುವುದಿಲ್ಲ. ಕಣ್ಣೆತ್ತರದಲ್ಲಿ ದೊಡ್ಡ ಚಕ್ಕೆಯಿದ್ದರೆ ಆ ಒಂದು ಟೈಲನ್ನೇ ಬದಲಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಗೋಡೆಯ ಹೊರಮೂಲೆಗೆ ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿಯನ್ನು ಟೈಲ್ ಹಾಕುವಾಗಲೇ ಒಳಗೆ ಸೇರಿಸಬೇಕಿತ್ತು. ಬಿಟ್ಟುಹೋಗಿದ್ದರೆ ಮೇಲಿನಿಂದ ಎಲ್ ಆಕಾರದ ತೆಳು ಸ್ಟೀಲ್ ಪಟ್ಟಿಯನ್ನು ಸಿಲಿಕೋನಿನಿಂದ ಅಂಟಿಸಬಹುದು. ಎರಡೂ ಟೈಲನ್ನು 45 ಡಿಗ್ರಿಗೆ ಕತ್ತರಿಸಿ ಕೂಡಿಸುವುದು ನೋಡಲು ಚೆಂದ. ಆದರೆ ಆ ಅಂಚು ಬ್ಲೇಡಿನಂತೆ ತೆಳುವಾಗಿರುವುದರಿಂದ ಬಕೆಟ್ ತಾಗಿದರೂ ಒಡೆಯುತ್ತದೆ. ಮಕ್ಕಳಿರುವ ಮನೆಗೆ ಪಟ್ಟಿಯೇ ಲೇಸು.

ಟೈಲ್ ಮುಗಿದು ಬಣ್ಣದ ಗೋಡೆ ಶುರುವಾಗುವ ಮೇಲಂಚಿನಲ್ಲಿ ಪ್ಲಾಸ್ಟರಿಗಿಂತ ಟೈಲ್ ಒಂದು ಸೆಂಟಿಮೀಟರ್ ಹೊರಗೆ ಬಂದು ದೂಳು ಕೂರುವ ಕಟ್ಟೆಯಾಗಿರುತ್ತದೆ. ಆ ಜಾಗಕ್ಕೆ ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಬಣ್ಣ ಹಚ್ಚಬಹುದಾದ ಅಕ್ರಿಲಿಕ್ ಸೀಲಂಟ್ ಬಳಸಬೇಕು. ನಲ್ಲಿಯ ಸುತ್ತಲಿನ ತೂತು ದೊಡ್ಡದಾಗಿ ಫ್ಲ್ಯಾಂಜಿನ ಹೊರಗೂ ಕಾಣುತ್ತಿದ್ದರೆ ಅದನ್ನು ಮಾತ್ರ ಅಂದದ ಪ್ರಶ್ನೆಯೆಂದು ಬಿಡಬಾರದು. ಗೋಡೆಯೊಳಗೆ ನೀರು ಹೋಗಲು ಅದಕ್ಕಿಂತ ನೇರವಾದ ದಾರಿ ಇಲ್ಲ.

ಟೈಲ್ ಮುಂದೆ ಬಂದಿರುವುದಕ್ಕೆ ಕಾರಣ ಹಲವು. ಉದ್ದನೆಯ ಟೈಲ್ ನಡುವೆ ತುಸು ಬಾಗಿರುತ್ತದೆ. ಅದನ್ನು ಇಟ್ಟಿಗೆ ಜೋಡಿಸಿದಂತೆ ಅರ್ಧಕ್ಕೆ ಅರ್ಧ ಸರಿಸಿ ಹಾಕಿದರೆ ಒಂದರ ಉಬ್ಬು ಇನ್ನೊಂದರ ತುದಿಗೆ ಸರಿಯಾಗಿ ಎದುರಾಗುತ್ತದೆ. ಮೂರನೆಯ ಒಂದು ಭಾಗ ಸರಿಸಿದ್ದರೆ ಇಷ್ಟು ಎದ್ದು ಕಾಣುತ್ತಿರಲಿಲ್ಲ. ಪ್ಲಾಸ್ಟರೇ ತೂಗುಗುಂಡಿಗೆ ಸರಿಯಿಲ್ಲದಿದ್ದರೂ ಹೀಗಾಗುತ್ತದೆ. ಪ್ಲಾಸ್ಟರ್ ಮಾಡಿದವರು ಬೇರೆ, ಟೈಲ್ಸ್ ಹಾಕಿದವರು ಬೇರೆಯಾದಾಗ ತಪ್ಪು ಯಾರದೆಂದು ನಿರ್ಧರಿಸುವುದು ಸುಲಭವಲ್ಲ. ಅಂಟು ಗಟ್ಟಿಯಾದ ಮೇಲೆ ಟೈಲನ್ನು ಒಳಕ್ಕೆ ತಳ್ಳಲಾಗದು, ಹೊಳಪಿನ ಟೈಲನ್ನು ಅರೆಯಲೂ ಆಗದು. ಎರಡು ಕಾರ್ಡಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವುಗಳನ್ನು ಒಡೆದು ಮತ್ತೆ ಹಾಕುವುದೊಂದೇ ದಾರಿ.

ಒಡೆಯಲೇಬೇಕಾದದ್ದು

ಈಗ ಪೆನ್ಸಿಲಿನ ಗುರುತುಗಳಿಗೆ ಬರೋಣ. ಟೈಲಿನ ಹಿಂಬದಿಯಲ್ಲಿ ನಡುವೆ ಒಂದು ಮುದ್ದೆ, ಮೂಲೆಗಳಿಗೆ ಒಂದೊಂದು ಮುದ್ದೆ ಸಿಮೆಂಟು ಹಚ್ಚಿ ಗೋಡೆಗೆ ಒತ್ತುವ ರೂಢಿ ಇನ್ನೂ ಹೋಗಿಲ್ಲ. ಮುದ್ದೆಗಳ ನಡುವೆ ಉಳಿಯುವುದು ಗಾಳಿ. ಒಂದು ಮೂಲೆಯಲ್ಲಿ ಅಂಗೈಗಿಂತ ಕಡಿಮೆ ಟೊಳ್ಳಿದ್ದು, ಸುತ್ತ ಗ್ರೌಟ್ ಬಿರುಕಿಲ್ಲದಿದ್ದರೆ ಬಿಟ್ಟುಬಿಡಬಹುದು. ಆದರೆ ಒಂದಿಡೀ ಅಂಚಿನುದ್ದಕ್ಕೆ ಟೊಳ್ಳಿದ್ದು ಅದೇ ಅಂಚಿನ ಗ್ರೌಟ್ ಬಿರಿದಿದ್ದರೆ ಟೈಲ್ ಅಲುಗುತ್ತಿದೆ ಎಂದರ್ಥ. ಗೀಸರ್ ಅಥವಾ ಟವೆಲ್ ರಾಡ್‌ಗೆ ಡ್ರಿಲ್ ಮಾಡುವ ದಿನ ಅದು ಸೀಳುತ್ತದೆ.

ವಿಟ್ರಿಫೈಡ್ ಟೈಲನ್ನು ಬರಿಯ ಸಿಮೆಂಟ್ ಹಾಲಿನಿಂದ ಗೋಡೆಗೆ ಅಂಟಿಸಿದ್ದರೆ ವಿಷಯ ಇನ್ನೂ ಗಂಭೀರ. ಗೋಡೆಗೆಂದೇ ಮಾಡಿದ ಮಾಮೂಲಿ ಸೆರಾಮಿಕ್ ಟೈಲ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು. ಸಿಮೆಂಟ್ ಅದರ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಹಿಡಿಯುತ್ತದೆ. ವಿಟ್ರಿಫೈಡ್ ಹೀರುವುದು ಶೇ. 0.5ಕ್ಕಿಂತಲೂ ಕಡಿಮೆ. ಸಿಮೆಂಟಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಅದಕ್ಕೆ ಪಾಲಿಮರ್ ಬೆರೆತ ಟೈಲ್ ಅಂಟೇ ಬೇಕು. ಐಎಸ್ 15477 ಮಾನದಂಡ ಈ ಅಂಟುಗಳನ್ನು ಬಗೆಬಗೆಯಾಗಿ ವಿಂಗಡಿಸಿದೆ, ಚೀಲದ ಮೇಲೆ ಯಾವ ಬಗೆ ಎಂದು ಮುದ್ರಿತವಾಗಿರುತ್ತದೆ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಟೈಲ್ ತಲೆಯ ಮಟ್ಟಕ್ಕಿಂತ ಮೇಲೆ ಟೊಳ್ಳಾಗಿ ನಿಂತಿದ್ದರೆ ಗೃಹಪ್ರವೇಶವನ್ನು ಮುಂದೂಡಿಯಾದರೂ ತೆಗೆಸಬೇಕು. ಗೆರೆಯ ವಕ್ರತೆಗೆ ವಾರಗಟ್ಟಲೆ ಜಗಳವಾಡಿದವರು ಈ ಟೊಳ್ಳನ್ನು ಗಮನಿಸದೆ ಪೂರ್ತಿ ಹಣ ಎಣಿಸಿ ಕೊಡುವುದು ವಿಪರ್ಯಾಸ.

ಹಣ ಮತ್ತು ಹಕ್ಕು

ಟೈಲ್ಸ್ ಕೆಲಸ ಸಾಮಾನ್ಯವಾಗಿ ಚದರ ಅಡಿ ಲೆಕ್ಕದ ಗುತ್ತಿಗೆ. ಎಷ್ಟು ಬೇಗ ಮುಗಿದರೆ ಅಷ್ಟು ಲಾಭ. ಅಂಚು ಉಜ್ಜುವುದು, ಪೊರೆ ಒರೆಸುವುದು, ಮೂಲೆಗೆ ಸೀಲಂಟ್ ತುಂಬುವುದು ಚದರ ಅಡಿಯಲ್ಲಿ ಅಳೆಯಲು ಬರುವುದಿಲ್ಲವಾದ್ದರಿಂದ ಅವೇ ಮೊದಲು ಬಿಟ್ಟುಹೋಗುತ್ತವೆ. ಹೊರರಾಜ್ಯಗಳಿಂದ ಬಂದ ಕೆಲಸಗಾರರ ತಂಡವಾದರೆ ಈ ಮನೆ ಮುಗಿದ ಮರುದಿನ ಅವರು ಬೇರೆ ಊರಿನಲ್ಲಿರುತ್ತಾರೆ. ಹಾಗಾಗಿ ಈ ಕೆಲಸಗಳಿಗೆ ಬೇರೆ ದರ ಒಪ್ಪಿಕೊಂಡು, ಗ್ರೌಟ್ ಒಣಗಿದ ಮೇಲೆ ಒಂದು ದಿನ ಬಂದು ತಿದ್ದಿಕೊಡಬೇಕೆಂದೂ, ಅಲ್ಲಿಯವರೆಗೆ ಒಂದು ಸಣ್ಣ ಕಂತು ಉಳಿಯುತ್ತದೆಂದೂ ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದು ಇಬ್ಬರಿಗೂ ಕ್ಷೇಮ. ಕೆಲಸ ಮುಗಿದ ಮೇಲೆ ಏಕಾಏಕಿ ಹಣ ತಡೆಯುವುದು ಬೇರೆಯೇ ಮಾತು. ಬೇರೆ ಬೇರೆ ಬ್ಯಾಚಿನ ಅಗ್ಗದ ಟೈಲ್ ತಂದುಕೊಟ್ಟು, ಡೊಂಕು ಪ್ಲಾಸ್ಟರಿನ ಮೇಲೆ ನಾಲ್ಕೇ ದಿನದಲ್ಲಿ ಮುಗಿಸಿ ಎಂದು ಅವಸರಪಡಿಸಿ, ಅನಂತರ ದಿನಗೂಲಿಯವನ ಸಂಬಳ ಕತ್ತರಿಸುವುದು ನ್ಯಾಯವಲ್ಲ.

ಬಿಲ್ಡರ್‌ನಿಂದ ಫ್ಲ್ಯಾಟ್ ಅಥವಾ ಮನೆ ಕೊಂಡವರ ಸ್ಥಿತಿ ಕಾನೂನಿನ ಮಟ್ಟಿಗೆ ಉತ್ತಮ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾದ, 14(3)ನೇ ಸೆಕ್ಷನ್ ಪ್ರಕಾರ ಸ್ವಾಧೀನ ಪಡೆದ 5 ವರ್ಷಗಳೊಳಗೆ ಗಮನಕ್ಕೆ ತಂದ ಕಾಮಗಾರಿಯ ದೋಷವನ್ನು 30 ದಿನಗಳಲ್ಲಿ, ಹೆಚ್ಚಿನ ಹಣ ಕೇಳದೆ ಸರಿಪಡಿಸುವುದು ನಿರ್ಮಾಣದಾರರ ಹೊಣೆ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಫೋಟೋ, ದಿನಾಂಕ ಸಹಿತ ಬರೆದು ಕಳುಹಿಸಬೇಕು. ಸರಿಪಡಿಸದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಹೋಗಬಹುದು. ಸ್ವಂತವಾಗಿ ಗುತ್ತಿಗೆ ಕೊಟ್ಟು ಕಟ್ಟಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿಯಿದೆ. ಮನೆ ನಿರ್ಮಾಣವೂ ಅದರಲ್ಲಿ ಸೇವೆಯೇ. ದೂರಿನ ಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಯಾವ ದಾರಿ ಹಿಡಿದರೂ ಒಪ್ಪಂದದ ಕಾಗದ, ಹಣ ಕೊಟ್ಟ ರಸೀದಿ ಕೈಯಲ್ಲಿರಬೇಕು. ಒಂದು ಸ್ನಾನಗೃಹದ ಗ್ರೌಟಿಗಾಗಿ ಆಯೋಗದ ಮೆಟ್ಟಿಲು ಹತ್ತುವುದಕ್ಕಿಂತ ಮೇಸ್ತ್ರಿಯನ್ನು ಕೂರಿಸಿಕೊಂಡು, ಪೆನ್ಸಿಲ್ ಗುರುತುಗಳನ್ನು ತೋರಿಸಿ, ಯಾವುದು ಒಡೆಯಬೇಕು, ಯಾವುದು ತುಂಬಬೇಕು ಎಂದು ಮಾತಾಡಿಕೊಳ್ಳುವುದು ಬೇಗ ಫಲ ಕೊಡುತ್ತದೆ.

ಒಡೆದು ಮತ್ತೆ ಹಾಕಬೇಕೆಂದಾಗ ಅದೇ ಟೈಲ್ ಸಿಗದಿರುವುದು ಅನೇಕರ ಸಂಕಟ. ಒಂದೇ ವಿನ್ಯಾಸವಾದರೂ ಬ್ಯಾಚ್ ಬದಲಾದರೆ ಬಣ್ಣ ಬದಲಾಗುತ್ತದೆ, ವರ್ಷ ಕಳೆದರೆ ಆ ವಿನ್ಯಾಸವೇ ಅಂಗಡಿಯಲ್ಲಿರುವುದಿಲ್ಲ. ಪ್ರತಿ ಬಗೆಯ ಟೈಲ್‌ನಲ್ಲಿ ಒಂದೊಂದು ಪೆಟ್ಟಿಗೆಯನ್ನು ಒಡೆಯದೆ ಅಟ್ಟದ ಮೇಲೆ ಇಟ್ಟುಕೊಳ್ಳಬೇಕು. ಪೆಟ್ಟಿಗೆಯ ಬದಿಯಲ್ಲಿ ಮುದ್ರಿಸಿರುವ ಬ್ಯಾಚ್ ಸಂಖ್ಯೆ, ಷೇಡ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಒಳಿತು. ಕೆಲಸ ಮುಗಿದ ದಿನ ಮಿಕ್ಕ ಟೈಲನ್ನು ಅಂಗಡಿಗೆ ಹಿಂತಿರುಗಿಸುವಾಗ ಈ ಒಂದು ಪೆಟ್ಟಿಗೆಯನ್ನು ಬೇರೆ ತೆಗೆದಿರಿಸಲು ಮರೆಯಬೇಡಿ.